ಚಂದ್ರಿ ಹಟ ಹಿಡಿದ ಬೇಸಿಗೆ

ನನ್ನ ಮೊಮ್ಮಗಳು ಇವತ್ತು ಮುಂಜಾನೆ ಎಮ್ಮೆ ಹಿಂಡಿದಳು. ಆಟಕ್ಕೆ ಒಂದೆರಡು ಹನಿ ಎಳೆದು ಓಡಿಹೋದದ್ದಲ್ಲ. ಮೊಣಕಾಲ ನಡುವೆ ಚರಿಗೆ ಹಿಡಿದು, ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ, ಅರ್ಧ ಚರಿಗೆ ಹಾಲು ಹಿಂಡಿ, ನೊರೆ ಚೆಲ್ಲದ ಹಾಗೆ ಒಳಗೆ ತಂದಿಟ್ಟಳು. ಒಂಬತ್ತು ವರ್ಷದ ಹುಡುಗಿ. ನಾನು ಓಣಿಯಲ್ಲಿ ಕಂಡವರಿಗೆಲ್ಲ ಹೇಳಿದೆ. ಕಾಯಿಪಲ್ಲೆ ಗಾಡಿಯವನಿಗೆ ಹೇಳಿದೆ. ಕರೆಂಟಿನ ಮೀಟರು ನೋಡಲು ಬಂದ ಹುಡುಗನನ್ನು ನಿಲ್ಲಿಸಿಕೊಂಡು ಹೇಳಿದೆ. ಅವನು "ಛಲೋ ಆತ ಬಿಡ್ರಿ ಅಮ್ಮಾರ" ಎಂದು ಬಿಲ್ಲು ಕೈಗಿಟ್ಟು ಮುಂದಿನ ಮನೆಗೆ ಹೋದ. ಎಷ್ಟು ಹೇಳಿದರೂ ನನಗೆ ಹೇಳಿ ಮುಗಿದಂತಾಗಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ಸೊಸೆ ತಿದ್ದುತ್ತಾಳೆ.

ಹಾಲಿನ ಚರಿಗೆ ಇಳಿಸಿದ ಮೇಲೆ ಹುಡುಗಿಯನ್ನು ಬಾಚಿ ತಬ್ಬಿಕೊಂಡೆ. ಅವಳು ಮೈಗೆ ಸುತ್ತಿಕೊಂಡಿದ್ದು ನನ್ನ ಹಳೆಯ ಇಳಕಲ್ ಸೀರೆಯ ಒಂದು ತುಂಡು. ಅದು ಕೊಟ್ಟಿಗೆಯ ಗೂಟಕ್ಕೇ ನೇತಾಡುತ್ತಿರುತ್ತದೆ, ಯಾರೂ ತೊಳೆಯುವುದಿಲ್ಲ. ಸಗಣಿ, ಹತ್ತಿಕಾಳು, ಬೆವರು, ಹುಳಿಯಾದ ಹಾಲು ಎಲ್ಲ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಬಡಿದದ್ದೇ, ಐದು ವರ್ಷದ ಹಿಂದಿನ ಆ ಬೇಸಿಗೆ ಪೂರಾ ಎದ್ದು ಬಂದು ಎದುರಿಗೆ ನಿಂತಿತು. ಪರದೇಶಕ್ಕೆ ಹೋಗಲು ಮನೆಯನ್ನೆಲ್ಲ ಕಟ್ಟಿಟ್ಟು, ಒಂದು ಎಮ್ಮೆಯ ಕಾಲ ಬುಡದಲ್ಲಿ ನಾವೆಲ್ಲ ಸಿಕ್ಕಿಕೊಂಡಿದ್ದ ಬೇಸಿಗೆ ಅದು.

ಆಗ ಮೊಮ್ಮಗಳು ಸಾನ್ವಿಗೆ ನಾಲ್ಕು ವರ್ಷ. ಅವಳ ತಾಯಿ, ನನ್ನ ಸೊಸೆ ಸವಿತಾ, ಧಾರವಾಡದಲ್ಲಿ ಬೀಜ ಪರೀಕ್ಷೆ ಮಾಡುವ ಕಡೆ ಕೆಲಸಕ್ಕಿದ್ದಾಳೆ. ಯಾವ ಬೀಜ ಮೊಳಕೆ ಬರುತ್ತದೆ, ಯಾವುದು ಹುಸಿ ಹೋಗುತ್ತದೆ ಎಂದು ಬಿತ್ತುವುದಕ್ಕಿಂತ ಮೊದಲೇ ನೋಡಿ ಹೇಳುವ ಕೆಲಸ. ಆ ವರ್ಷ ಬೇಸಿಗೆಯಲ್ಲಿ ಎರಡು ತಿಂಗಳು ಜರ್ಮನಿಗೆ ಬಂದು ಹೊಸ ವಿದ್ಯೆ ಕಲಿತು ಹೋಗು ಎಂದು ಅವಳಿಗೆ ಕರೆ ಬಂತು. ಇರಲು ಮನೆ ಕೊಡುತ್ತೇವೆ, ಮನೆಯವರನ್ನೂ ಕರೆತರಬಹುದು ಎಂದಿದ್ದರು. ಆ ಸುದ್ದಿ ಹೇಳುವಾಗ ಸವಿತಾ ರೊಟ್ಟಿ ಬಡಿಯುತ್ತಿದ್ದಳು, ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಕರಕಾದದ್ದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಒಂದು ತೊಡಕಿತ್ತು. ಹಿಂದಿನ ವರ್ಷ ಅವಳು ವಾರ ಮಾತ್ರ ದಿಲ್ಲಿಗೆ ಹೋಗಿಬಂದಾಗ ಕೂಸು ಅನ್ನ ಬಿಟ್ಟು, ಜ್ವರ ಬಂದು, ದವಾಖಾನೆಯಲ್ಲಿ ಸಲೈನು ಹಚ್ಚಿಸಿಕೊಂಡು ಮಲಗಿತ್ತು. ಹಾಗಾಗಿ ಕೂಸನ್ನು ಬಿಟ್ಟು ಹೋಗುವ ಮಾತೇ ಇಲ್ಲ. ಅಲ್ಲಿ ತಾಯಿ ಕೆಲಸಕ್ಕೆ ಹೋದ ಮೇಲೆ ಕೂಸನ್ನು ನೋಡಿಕೊಳ್ಳುವವರು ಬೇಕು. ನನ್ನ ಮಗ ಶಿವಾನಂದನಿಗೆ ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಹದಿನೈದು ದಿನದ ಮೇಲೆ ರಜೆ ಸಿಗುವುದಿಲ್ಲ. ಅವನು ನಮ್ಮನ್ನು ಮುಟ್ಟಿಸಿ, ಅಲ್ಲಿ ಹಾಲು ಎಲ್ಲಿ, ಕಿರಾಣಿ ಎಲ್ಲಿ ಎಂದು ತೋರಿಸಿ ತಿರುಗಿ ಬರುವುದು, ಸೊಸೆ ಮೊಮ್ಮಗಳ ಜೊತೆ ನಾನು ಇರುವುದು ಎಂದು ಠರಾಯಿಸಿದೆವು. ನನ್ನ ಫೋಟೋ ಇರುವ ಪಾಸ್‌ಪೋರ್ಟು ಕೂಡ ಬಂತು. ಅದನ್ನು ದೇವರ ಜಗಲಿಯ ಮೇಲಿಟ್ಟು, ಬಂದವರಿಗೆಲ್ಲ ತೆಗೆದು ತೋರಿಸಿದೆ. ಫೋಟೋದಲ್ಲಿ ನಾನು ಯಾರಿಗೋ ಬೈಯಲು ನಿಂತವಳ ಹಾಗೆ ಕಾಣುತ್ತೇನೆ, ಇರಲಿ.

ಎಲ್ಲರೂ ಹೂಂ ಎಂದಾಗಿತ್ತು, ಚಂದ್ರಿಯೊಬ್ಬಳನ್ನು ಬಿಟ್ಟು.

ಚಂದ್ರಿ ನಮ್ಮ ಎಮ್ಮೆ. ಕೆಲಗೇರಿಯಲ್ಲಿ ನಮ್ಮ ಮನೆಯ ಹಿತ್ತಲಿಗೆ ಕೊಟ್ಟಿಗೆ ಇದೆ. ನಮ್ಮವರು ಇದ್ದಾಗ ನಾಲ್ಕು ಎಮ್ಮೆ ಇದ್ದವು, ಅವರು ಹೋದ ಮೇಲೆ ಇವಳೊಬ್ಬಳೇ ಉಳಿದಳು. ಆ ಚಳಿಗಾಲದಲ್ಲಿ ಕರು ಹಾಕಿದಳು, ಕರು ವಾರ ತುಂಬುವುದರೊಳಗೆ ಸತ್ತಿತು. ಅವತ್ತು ಅವಳು ಕೂಗಿದ್ದನ್ನು ಕೇಳಲಾಗದೆ ನಾನು ಕೊಟ್ಟಿಗೆಯಲ್ಲೇ ಅವಳ ಕೊರಳು ತಿಕ್ಕುತ್ತ ಕೂತಿದ್ದೆ. ಮರುದಿನ ಮುಂಜಾನೆ ಅವಳು ನನ್ನ ಸೆರಗನ್ನು ಬಾಯಿಗೆಳೆದುಕೊಂಡು, ಕರುವನ್ನು ನೆಕ್ಕಿದ ಹಾಗೆ ನೆಕ್ಕತೊಡಗಿದಳು. ನೆಕ್ಕುತ್ತ ನೆಕ್ಕುತ್ತ ಹಾಲು ಇಳಿಸಿದಳು. ಅಂದಿನಿಂದ ನನ್ನ ಕೈಗೆ ಬಿಟ್ಟರೆ ಇನ್ನೊಬ್ಬರ ಕೈಗೆ ಹಾಲು ಇಲ್ಲ. ಶಿವು ಒಮ್ಮೆ ಕೂತು ನೋಡಿ ಮೊಣಕಾಲ ಕೆಳಗೆ ಒದೆಸಿಕೊಂಡ, ಎಷ್ಟೋ ದಿನ ಕುಂಟುತ್ತಲೇ ಪಾಳಿಗೆ ಹೋದ. ಹಿಂಡದೆ ಬಿಟ್ಟರೆ ಕೆಚ್ಚಲು ಬಾತು ಕಲ್ಲಾಗುತ್ತದೆ, ಜ್ವರ ಬರುತ್ತದೆ, ಎಮ್ಮೆಯೇ ಕೈಬಿಟ್ಟು ಹೋದರೂ ಹೋಯಿತು. ನಾನು ಎರಡು ತಿಂಗಳು ಇಲ್ಲದಿದ್ದರೆ ಏನು ಗತಿ?

ಹೆಬ್ಬಳ್ಳಿಯಿಂದ ನನ್ನ ನಾದಿನಿಯನ್ನು ಕರೆಸಿದೆವು. ನಮ್ಮವರ ತಂಗಿ, ಕಲ್ಲವ್ವ. ಮಕ್ಕಳಿಲ್ಲ, ಗಂಡ ಹೋಗಿ ಬಹಳ ವರ್ಷವಾಯಿತು, ಮೈದುನನ ಮನೆಯಲ್ಲಿದ್ದಳು. ನಾವು ಹೋಗಿ ಬರುವ ತನಕ ಮನೆ, ಎಮ್ಮೆ ಎರಡನ್ನೂ ಅವಳು ನೋಡಿಕೊಳ್ಳಬೇಕು ಎಂದು ಮಾತಾಗಿತ್ತು. ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಏರುತ್ತಿದ್ದಾಗ ಒಂದು ಕೈಚೀಲ ಹಿಡಿದು ಬಸ್ಸು ಇಳಿದಳು. ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ಚೀಲದಲ್ಲಿ ವಿಭೂತಿ ಗಟ್ಟಿ, ಎರಡು ಸೀರೆ. ಕಲ್ಲವ್ವನ ಶಿಸ್ತು ಇಡೀ ಬಳಗಕ್ಕೆ ಗೊತ್ತು. ಎದ್ದ ಕೂಡಲೆ ಜಳಕ, ಮಡಿ ಸೀರೆ, ಲಿಂಗಪೂಜೆ, ಹಣೆ ತುಂಬ ವಿಭೂತಿ. ಇದಾದ ಮೇಲೇ ಬಾಯಿಗೆ ನೀರು, ಕೈಗೆ ಕೆಲಸ. ಜಳಕವಾಗದವರು ಅವಳ ಪಕ್ಕ ಉಣ್ಣಲು ಕೂಡುವ ಹಾಗಿಲ್ಲ.

ಚಂದ್ರಿಯ ಗುಣ ಹೇಳಹೋದರೆ ನನ್ನ ಮಾತು ತಡೆದಳು.

"ಎಮ್ಮಿ ಬಗ್ಗೆ ನನಗ ಹೇಳಬ್ಯಾಡ್ರಿ ವೈನಿ. ನಾ ಬೆಳದದ್ದ ಎಮ್ಮಿ ಮಗ್ಗಲದಾಗ. ನೀವು ಈ ಮನಿಗೆ ಬಂದಾಗ ನಿಮಗ ಹಾಲು ಹಿಂಡಾಕ ಕಲಿಸಿದಾಕಿ ಯಾರು?"

ಅದು ಖರೇ. ನನಗೆ ಕಲಿಸಿದವಳು ಅವಳೇ. ಅದಕ್ಕೇ ಮರುದಿನ ಮುಂಜಾನೆ ಏನಾಯಿತೋ ಅದನ್ನು ನೋಡುವುದು ಕಷ್ಟವಾಯಿತು. ಕಲ್ಲವ್ವ ಪೂಜೆ ಮುಗಿಸಿ, ವಿಭೂತಿ ಧರಿಸಿ, ಚರಿಗೆ ಹಿಡಿದು ಕೂತಳು. ಚಂದ್ರಿ ತಿರುಗಿ ಒಮ್ಮೆ ಮೂಸಿ ನೋಡಿದಳು. ಮುಂದಿನ ಗಳಿಗೆಯಲ್ಲಿ ಚರಿಗೆ ಹಾರಿ ಬೇವಿನ ಗಿಡದ ಬುಡದಲ್ಲಿ ಬಿದ್ದಿತ್ತು, ಕಲ್ಲವ್ವ ಸಗಣಿಯಲ್ಲಿ ಕೂತಿದ್ದಳು. ಯಾರೂ ನಗಲಿಲ್ಲ. ಅವಳು ಎದ್ದು ಎರಡನೆಯ ಸಲ ಜಳಕಕ್ಕೆ ಹೋದಳು.

ನಾನು ಅವಸರದಲ್ಲಿ ಕೂತು ಹಿಂಡಿದೆ. ಬಾಗಿಲಲ್ಲಿ ಸವಿತಾ ನಿಂತಿದ್ದಳು. ಅವಳು ಎಮ್ಮೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆ ನೋಟದಲ್ಲೇ ನಮ್ಮಿಬ್ಬರಿಗೂ ಲೆಕ್ಕ ತಿಳಿದುಹೋಯಿತು. ಚಂದ್ರಿ ಒಪ್ಪದಿದ್ದರೆ ನಾನು ಹೋಗಲಾರೆ. ನಾನು ಹೋಗದಿದ್ದರೆ ಕೂಸು ಹೋಗಲಾರದು. ಕೂಸು ಹೋಗದಿದ್ದರೆ ಸವಿತಾ ಹೋಗುವುದಿಲ್ಲ.

ಹೊರಗಿನಿಂದ ನೋಡಿದವರಿಗೆ ನಮ್ಮ ಮನೆ ಹಬ್ಬದ ಮನೆಯ ಹಾಗೆ ಕಾಣುತ್ತಿತ್ತು. ಓಣಿಯ ಹೆಂಗಸರು ಮಧ್ಯಾಹ್ನ ಬಂದು ಸಾಲಾಗಿ ಕೂತು ಕಡಕ್ ರೊಟ್ಟಿ ಬಡಿದುಕೊಟ್ಟರು. ಪರದೇಶದಲ್ಲಿ ಜೋಳದ ಹಿಟ್ಟು ಸಿಗುತ್ತದೋ ಇಲ್ಲವೋ ಎಂದು ಅವರಿಗೆಲ್ಲ ನಮಗಿಂತ ಹೆಚ್ಚಿನ ಚಿಂತೆ. ಕಲ್ಲವ್ವ ಒರಳಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಕುಟ್ಟಿ ಡಬ್ಬಿ ತುಂಬಿದಳು. ನಾನು ಜೋಳದ ಚೀಲಗಳಿಗೆ ಬೇವಿನ ಎಲೆ ಹಾಕಿ ಬಾಯಿ ಹೊಲಿದೆ. ಹಾಸಿಗೆ ಬಿಸಿಲಿಗೆ ಹಾಕಿ ತೆಗೆದು ಸುತ್ತಿಟ್ಟೆ. ವರ್ತನೆಯ ಹಾಲು ಒಯ್ಯುವ ಮೂರು ಮನೆಯವರಿಗೆ, ನಾವಿಲ್ಲದಾಗ ಕಲ್ಲವ್ವ ಹಾಲು ಕೊಡುತ್ತಾಳೆ ಎಂದು ಹೇಳಿ ಬಂದೆ. ಹೇಳುವಾಗ ನನಗೇ ಮಾತು ತೊದಲಿತು. ಯಾಕೆಂದರೆ ಅವತ್ತಿನ ತನಕ ಕಲ್ಲವ್ವನ ಚರಿಗೆಗೆ ಒಂದು ಹನಿಯೂ ಬಿದ್ದಿರಲಿಲ್ಲ.

ದಿನಾ ಅದೇ ಕಥೆ. ಬೆಲ್ಲ ಕಲಸಿದ ಹಿಂಡಿ ಇಟ್ಟು ನೋಡಿದೆವು, ಹಿಂಡಿ ತಿಂದು ಒದ್ದಳು. ನಾನು ಮುಂದೆ ನಿಂತು ಕೊರಳು ತಿಕ್ಕಿದರೆ ಸುಮ್ಮನೆ ನಿಲ್ಲುತ್ತಿದ್ದಳು, ಹಾಲು ಮಾತ್ರ ಇಳಿಸದೆ ಮೇಲೆ ಹಿಡಿದುಬಿಡುತ್ತಿದ್ದಳು. ಹಿಂಗಾಲು ಕಟ್ಟೋಣವೇ ಎಂದ ಶಿವು. ಕರು ಸತ್ತವಳ ಕಾಲು ಕಟ್ಟಿ ಹಾಲು ಕಸಿಯುವುದು ಬೇಡ ಎಂದು ಕಲ್ಲವ್ವನೇ ತಡೆದಳು. ಅಷ್ಟು ಒದೆ ತಿಂದವಳು ಅವಳು, ನೆನಪಿಡಿ. ಆದರೆ ಒಳಗಿನ ಸಿಟ್ಟನ್ನು ಎಲ್ಲಿಯಾದರೂ ಕಾರಬೇಕಲ್ಲ? ಅದನ್ನು ಸವಿತಾಳ ಮೇಲೆ ಕಾರುತ್ತಿದ್ದಳು.

"ಬೀಜಾ ನೋಡಾಕ ವಿಮಾನ ಹತ್ತಿ ಹೋಗಬೇಕನ? ನಮ್ಮ ಹೆಬ್ಬಳ್ಳ್ಯಾಗ ಬೀಜ ಇಲ್ಲನ ಯವ್ವಾ?"

ಸವಿತಾ ಮೊದಮೊದಲು ನಗುತ್ತಿದ್ದಳು. "ಅದಾವ ಕಲ್ಲತ್ತಿ, ಅವನ್ನೂ ಒಂದು ಚೀಟ್ಯಾಗ ಕಟ್ಟಿ ಕೊಡ್ರಿ, ಒಯ್ದು ತೋರಿಸತೇನಿ" ಅನ್ನುತ್ತಿದ್ದಳು. ಬರಬರುತ್ತ ಉತ್ತರ ಕೊಡುವುದನ್ನು ಬಿಟ್ಟಳು.

ಯುಗಾದಿ ಆಯಿತು. ಆ ವರ್ಷ ಬಿಸಿಲು ಬಹಳ. ಕೆರೆ ನೀರು ಹಿಂದೆ ಸರಿದು ಕೆಸರು ಬಿರುಕು ಬಿಟ್ಟಿತ್ತು, ಮಧ್ಯಾಹ್ನ ಮೋಡ ಕಟ್ಟುತ್ತಿತ್ತು, ಮಳೆ ಬರುತ್ತಿರಲಿಲ್ಲ. ಮನೆಯಲ್ಲೂ ಹಾಗೇ. ಒಂದು ದಿನ ಶಿವು ಉಣ್ಣುವಾಗ ತಲೆ ಎತ್ತದೆ ಹೇಳಿದ. ಕೆರೆಯ ಆಚೆ ಕಡೆಯ ಫಕ್ಕೀರಪ್ಪ ಎಮ್ಮೆ ಕೇಳಿದ್ದಾನೆ, ಅವನ ಮನೆಯಲ್ಲಿ ಕರು ಇವೆ, ಯಾವುದನ್ನಾದರೂ ಇವಳ ಕೆಚ್ಚಲಿಗೆ ಹಚ್ಚಿ ಹಾಲು ಇಳಿಸುತ್ತಾನಂತೆ. ಬಸವ ಜಯಂತಿಯ ತನಕ ಚಂದ್ರಿ ಕಲ್ಲತ್ತಿಯ ಕೈಗೆ ಬಂದರೆ ಸರಿ, ಬಾರದಿದ್ದರೆ ಮರುದಿನ ಅವನು ಬಂದು ಒಯ್ಯುತ್ತಾನೆ.

ನಾನು ತಾಟು ಸರಿಸಿ ಎದ್ದೆ. ನನ್ನನ್ನೇ ಕರು ಅಂದುಕೊಂಡಿರುವ ಮೂಕಪ್ರಾಣಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ನಾನು ವಿಮಾನ ಹತ್ತಲೇ? ನನ್ನಿಂದ ಆಗುವುದಿಲ್ಲ ಎಂದೆ. ಹಾಗಾದರೆ ಸವಿತಾ ಮನೆಯಲ್ಲಿ ಇರಲಿ ಅನ್ನು ಎಂದ ಮಗ. ಅದನ್ನೂ ನನ್ನಿಂದ ಅನ್ನಲಾಗಲಿಲ್ಲ. ಸವಿತಾ ನಡುವೆ ಬಂದು ಇಬ್ಬರ ತಾಟಿಗೂ ಮಜ್ಜಿಗೆ ಹಾಕಿದಳು.

ಅವತ್ತೇ ನನಗೆ ಸೀರೆಯ ಯೋಚನೆ ಬಂದದ್ದು. ಚಂದ್ರಿ ನೆಕ್ಕುವುದು ನನ್ನನ್ನಲ್ಲ, ನನ್ನ ಸೆರಗನ್ನು. ಆ ಸೀರೆಯನ್ನೇ ಕಲ್ಲವ್ವ ಉಟ್ಟರೆ? ಕೊಟ್ಟಿಗೆ ಕೆಲಸಕ್ಕೆ ಉಡುವ ಇಳಕಲ್ ಸೀರೆ ಬಿಚ್ಚಿ ಅವಳ ಕೈಗೆ ಕೊಟ್ಟೆ. ಮುಂಜಾನೆ ಇದನ್ನೇ ಉಟ್ಟು ಕೂತುಕೋ ಎಂದೆ. ಅವಳು ಹೂಂ ಎಂದಳು. ಮರುದಿನ ಉಟ್ಟಳು, ಒದೆ ತಿಂದಳು. ಅದರ ಮರುದಿನವೂ ಉಟ್ಟಳು, ಒದೆ ತಿಂದಳು. ನಾಲ್ಕಾರು ದಿನ ಹೀಗೇ ನಡೆಯಿತು. ನನ್ನ ಕೊನೆಯ ಉಪಾಯವೂ ಹೋಯಿತು. ದೇವರ ಮುಂದೆ ಪಾಸ್‌ಪೋರ್ಟು ಇಟ್ಟಲ್ಲೇ ಇತ್ತು, ಅದನ್ನು ನೋಡಿದರೆ ಸಂಕಟವಾಗುತ್ತಿತ್ತು.

ಒಂದು ಮಧ್ಯಾಹ್ನ ಹಿತ್ತಲಿಗೆ ಹೋದರೆ ಕಲ್ಲವ್ವ ಒಗೆಯುವ ಕಲ್ಲಿನ ಮುಂದೆ ನಿಂತಿದ್ದಾಳೆ. ಕೈಯಲ್ಲಿ ಅದೇ ಸೀರೆ. ದಪ್ಪ ಸಾಬಾಣ ಹಚ್ಚಿ, ತಿಕ್ಕಿ, ಎತ್ತೆತ್ತಿ ಬಡಿಯುತ್ತಿದ್ದಾಳೆ. ಬುರುಗು ಗಟಾರದ ತನಕ ಹರಿದಿದೆ. ಏನು ಮಾಡುತ್ತಿದ್ದೀ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ.

"ಒಬ್ಬರು ಉಟ್ಟು ಬಿಟ್ಟಿದ್ದು ಹಂಗ ಉಡಾಕ ಬರತೈತೇನ ವೈನಿ? ನೀವು ಕೊಟ್ಟ ದಿನಾನ ಎರಡು ಸಲ ಸಾಬಾಣ ಹಚ್ಚಿ ಒಗದೇನಿ. ದಿನಾ ಒಗದ ಉಡಾಕತ್ತೇನಿ. ಹೊಲಸ ಮಾತ್ರ ಭಾಳಿತ್ತು ಬಿಡ್ರಿ."

ನನಗೆ ನಗು ಬಂತು, ಅಳುವೂ ಬಂತು. ಅಲ್ಲೇ ಪಕ್ಕದಲ್ಲಿ ಕೂತೆ. ಆ ಹೊಲಸೇ ಬೇಕಾಗಿದ್ದು ಮಾರಾಯ್ತೀ, ಎಮ್ಮೆಗೆ ಬೇಕಾದದ್ದು ಸೀರೆಯ ದಡಿಯಲ್ಲ, ಅದರ ವಾಸನೆ ಎಂದು ತಿಳಿಸಿ ಹೇಳಿದೆ. ನಾನು ಉಟ್ಟು, ಕೊಟ್ಟಿಗೆಯಲ್ಲಿ ದುಡಿದು, ಬೆವರಿ ಬಿಟ್ಟ ಸೀರೆಯನ್ನು ಹಾಗೇ ಉಡಬೇಕು ಎಂದೆ. ಕಲ್ಲವ್ವ ಸೀರೆಯನ್ನು ಕಲ್ಲಿನ ಮೇಲೆ ಇಟ್ಟುಬಿಟ್ಟಳು.

"ಆಗೂದಿಲ್ಲ ವೈನಿ. ಜಳಕಾ ಮಾಡಿ ಲಿಂಗ ಮುಟ್ಟಿದ ಮೈಗೆ ಅದನ್ನ ಸುತ್ತಲ್ಯಾ? ನಮ್ಮ ಅವ್ವ ಕಲಿಸಿದ್ದು ನಾ ಒಂದ ದಿನಾ ಬಿಟ್ಟಿಲ್ಲ. ಮನ್ಯಾವರು ಹೋದ ದಿನಾನೂ ಬಿಟ್ಟಿಲ್ಲ."

ಅವಳ ಅವ್ವ ಅಂದರೆ ನನ್ನ ಅತ್ತೆ. ಮನೆ ತುಂಬ ಮಕ್ಕಳಿದ್ದರೂ ಆ ಶಿಸ್ತು ಹಿಡಿದವಳು ಕಲ್ಲವ್ವ ಒಬ್ಬಳೇ. ಗಂಡ, ಮಕ್ಕಳು, ಮನೆ ಏನೂ ಉಳಿಯದವಳ ಕೈಯಲ್ಲಿ ಅದೊಂದು ಉಳಿದಿತ್ತು. ಅದನ್ನೂ ಬಿಡು ಎಂದು ಕೇಳಲು ನನಗೆ ನಾಲಿಗೆ ಏಳಲಿಲ್ಲ. ಶಿವು ಕೇಳುತ್ತೇನೆ ಎಂದ, ನಾನು ಬೇಡ ಎಂದೆ. ಸವಿತಾ ಇದನ್ನೆಲ್ಲ ಕೇಳಿಸಿಕೊಂಡು ಅತ್ತೆಯಾದ ನನಗಿಂತ ದೊಡ್ಡ ಮಾತು ಆಡಿದಳು. ಕಲ್ಲವ್ವನ ಹತ್ತಿರ ಹೋಗಿ ನೆಲದ ಮೇಲೆ ಕೂತು ಅಂದಳು:

"ಕಲ್ಲತ್ತಿ, ನನ್ನ ಸಲುವಾಗಿ ನೀವು ಏನೂ ಬಿಡಬ್ಯಾಡ್ರಿ. ಹೋಗೂದು ಆಗಲಿಲ್ಲಂದ್ರ ಆಗಲಿಲ್ಲ. ಎಮ್ಮಿ ಮಾರೂದೂ ಬ್ಯಾಡ."

ಕಲ್ಲವ್ವ ಅವಳ ಮುಖ ನೋಡಲಿಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೇ ಇದ್ದಳು.

ಬಸವ ಜಯಂತಿಯ ದಿನ ಮನೆಯಲ್ಲಿ ಹೋಳಿಗೆ ಮಾಡಿದೆವು, ಯಾರಿಗೂ ರುಚಿ ಹತ್ತಲಿಲ್ಲ. ಸಂಜೆ ನಾಲ್ಕರ ಸುಮಾರಿಗೆ ಕಪ್ಪು ಮೋಡ ಇಳಿದು ಆಲಿಕಲ್ಲು ಮಳೆ ಹೊಡೆಯಿತು. ಹಿತ್ತಲಿನ ಆಪೂಸ ಮಾವಿನ ಕಾಯಿ ಪಟಪಟ ಉದುರಿದವು. ಕೂಸು ಆಲಿಕಲ್ಲು ಹೆಕ್ಕಿ ತಂದು ಎಲ್ಲರ ಬಾಯಿಗೂ ಇಡುತ್ತಿತ್ತು. ಅದೇ ಹೊತ್ತಿನಲ್ಲಿ ಕಲ್ಲವ್ವ ಅಡಿಗೆಮನೆಗೆ ಹೋದಳು, ನಾನೂ ಹಿಂದೆಯೇ ಹೋದೆ. ಸವಿತಾ ಅಲ್ಲಿ ನಮಗೆ ಬೆನ್ನು ಮಾಡಿ ಕೂತಿದ್ದಳು. ಪ್ರವಾಸದ ಚೀಲಕ್ಕೆಂದು ಗಂಟು ಕಟ್ಟಿಟ್ಟಿದ್ದ ಚಟ್ನಿ ಪೊಟ್ಟಣಗಳನ್ನು ಒಂದೊಂದೇ ಬಿಚ್ಚಿ, ಮನೆಯ ಡಬ್ಬಿಗಳಿಗೆ ತಿರುಗಿ ಸುರಿಯುತ್ತಿದ್ದಳು. ಅಳುತ್ತಿರಲಿಲ್ಲ. ಅಚ್ಚುಕಟ್ಟಾಗಿ, ಒಂದು ಕಾಳೂ ಚೆಲ್ಲದ ಹಾಗೆ ಸುರಿಯುತ್ತಿದ್ದಳು. ಬೀಜ ಅಳೆಯುವ ಕೈ ಅಲ್ಲವೇ. ಕಲ್ಲವ್ವ ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ನಾ ಕುಟ್ಟಿದ್ದು ತಿರುಗಿ ಬಂತಲ್ಲ ವೈನಿ" ಎಂದಳು. ಅಷ್ಟೇ ಅಂದು ಹೊರಗೆ ಹೋದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಫಕ್ಕೀರಪ್ಪ ಬಂದು ಕಟ್ಟೆಯ ಮೇಲೆ ಕೂತಿದ್ದ. ಹೆಗಲ ಮೇಲೆ ಹೊಸ ಹಗ್ಗ. ಎಮ್ಮೆ ಕೊಡುವವರು ತಮ್ಮ ಹಗ್ಗ ಕೊಡುವುದಿಲ್ಲ, ಒಯ್ಯುವವನೇ ತರಬೇಕು. ಆ ಹಗ್ಗದ ಹಳದಿ ನಾರು ಇವತ್ತಿಗೂ ನನ್ನ ಕಣ್ಣಲ್ಲಿದೆ. ಶಿವು ಅವನ ಪಕ್ಕದಲ್ಲಿ ಕೂತು ನೆಲ ನೋಡುತ್ತಿದ್ದ. ನಾನು ಚಂದ್ರಿಗೆ ಕೊನೆಯ ಸಲ ಹಿಂಡಿ ಕಲಸಿ ಇಡುತ್ತಿದ್ದೆ. ಅವಳು ಎಂದಿನ ಹಾಗೆ ಸೆರಗು ಹುಡುಕಿ ಮೂತಿ ಚಾಚಿದಳು.

ಹಿಂದಿನಿಂದ ಯಾರೋ ನನ್ನ ಹೆಗಲು ಮುಟ್ಟಿದರು. ತಿರುಗಿದರೆ ಕಲ್ಲವ್ವ. ಮಲಗಿ ಎದ್ದ ಸೀರೆ, ಕೆದರಿದ ತಲೆ, ಬರಿ ಹಣೆ. ಅವಳನ್ನು ಬಲ್ಲಂದಿನಿಂದ ವಿಭೂತಿ ಇಲ್ಲದ ಅವಳ ಹಣೆಯನ್ನು ನಾನು ಹಗಲು ಬೆಳಕಿನಲ್ಲಿ ಕಂಡವಳಲ್ಲ. ನೋಡಬಾರದ್ದನ್ನು ನೋಡಿದ ಹಾಗೆ ಕಣ್ಣು ತಗ್ಗಿಸಿದೆ.

"ಉಟ್ಟ ಸೀರಿ ಕೊಡ್ರಿ ವೈನಿ" ಎಂದಳು.

ಪೂಜೆ, ಎಂದೆ ನಾನು.

"ಆಮ್ಯಾಲ ಮಾಡತೇನಿ. ದೇವರು ತಡಕೋತಾನ. ಎಮ್ಮಿ ತಡಕೊಳ್ಳೂದಿಲ್ಲ."

ಹಿಂಡಿ ಚೀಲಗಳ ಮರೆಯಲ್ಲಿ ನಿಂತು ಇಬ್ಬರೂ ಸೀರೆ ಬದಲಿಸಿದೆವು. ನಾನು ತಿರುಗಿ ಉಟ್ಟಿದ್ದ ಆ ಇಳಕಲ್ ಸೀರೆ ಮೂರು ದಿನ ಮೈಮೇಲೇ ಇದ್ದದ್ದು, ದಡಿಗೆಲ್ಲ ಸಗಣಿ, ಇನ್ನೂ ಬಿಸಿ ಇತ್ತು. ಕಲ್ಲವ್ವ ಮೂಗು ಮುರಿಯುತ್ತಾಳೆ ಎಂದುಕೊಂಡೆ. ಅವಳು ಬಿಗಿಯಾಗಿ ಉಟ್ಟು, ಸೆರಗನ್ನು ಉದ್ದ ಬಿಟ್ಟು ಮೇವಿನ ಗೋದಲಿಯ ಮೇಲೆ ಹಾಸಿ, ಕೂತಳು. ನಾನು ಬೇಕೆಂದೇ ದೂರ ಸರಿದೆ. ನನ್ನ ಮೈಮೇಲೆ ಈಗ ಅವಳ ಸಾಬಾಣದ ಸೀರೆ.

ಚಂದ್ರಿ ಮೂಸಿದಳು. ಹಿಂಗಾಲು ಎತ್ತಿದಳು. ಹಿತ್ತಲ ಬಾಗಿಲಲ್ಲಿ ಸವಿತಾ ಕೂಸನ್ನು ಎತ್ತಿಕೊಂಡು ನಿಂತಿದ್ದಳು, ಕೂಸಿನ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಎತ್ತಿದ ಕಾಲು ಎತ್ತಿದ ಹಾಗೇ ಇತ್ತು. ಕಲ್ಲವ್ವ ಕದಲಲಿಲ್ಲ, ಚರಿಗೆಯನ್ನೂ ಹಿಂದಕ್ಕೆ ಎಳೆಯಲಿಲ್ಲ. ಆಮೇಲೆ ಚಂದ್ರಿ ಆ ಕಾಲನ್ನು ಮೆಲ್ಲಗೆ ನೆಲಕ್ಕೆ ಇಟ್ಟಳು. ನಾಲಿಗೆ ಚಾಚಿ ಸೆರಗನ್ನು ನೆಕ್ಕಿದಳು. ಇನ್ನೊಮ್ಮೆ ನೆಕ್ಕಿದಳು. ಕಲ್ಲವ್ವ ಕೆಚ್ಚಲಿಗೆ ಕೈ ಹಚ್ಚಿದಳು. ಏನೂ ಬರಲಿಲ್ಲ. ನೀವಿದಳು, ಕಾದಳು, ನೀವಿದಳು. ಕಟ್ಟೆಯ ಮೇಲೆ ಫಕ್ಕೀರಪ್ಪ ಕೆಮ್ಮುವವನು ಕೆಮ್ಮು ತಡೆದುಕೊಂಡ.

ಆಗ ಚರಿಗೆಯ ತಳಕ್ಕೆ ಮೊದಲನೆಯ ಧಾರೆ ಬಿದ್ದ ಸದ್ದು ಕೇಳಿಸಿತು. ತೆಳ್ಳಗೆ, ತಂತಿ ಮೀಟಿದ ಹಾಗೆ. ಮತ್ತೊಂದು. ಮತ್ತೊಂದು. ಆಮೇಲೆ ಎರಡು ಕೈಯ ಧಾರೆ ಕೂಡಿ, ಸದ್ದು ದಪ್ಪವಾಗಿ, ನೊರೆಯೊಳಗೆ ಮುಳುಗಿತು. ನಾನು ಬೇವಿನ ಗಿಡ ಹಿಡಿದುಕೊಂಡು ನಿಂತೆ. ಫಕ್ಕೀರಪ್ಪ ಎದ್ದು, ಹೆಗಲ ಮೇಲಿನ ಹಗ್ಗ ಇಳಿಸಿ, ಸುತ್ತಿ ಕೈಚೀಲಕ್ಕೆ ಹಾಕಿಕೊಂಡ. "ಚಾ ಆದರೂ ಮಾಡ್ರಿ ಮತ್ತ, ಹಾಲು ಸಿಕ್ಕತಲ್ಲ" ಎಂದ. ಆಗ ನಾವೆಲ್ಲ ನಕ್ಕೆವು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಸವಿತಾ ನಗಲಿಲ್ಲ. ಅಡಿಗೆಮನೆಗೆ ಹೋಗಿ ಚಟ್ನಿಯನ್ನು ಮತ್ತೆ ಪೊಟ್ಟಣಕ್ಕೆ ತುಂಬತೊಡಗಿದಳು. ಈ ಸಲ ನೆಲದ ತುಂಬ ಚೆಲ್ಲಿದಳು.

ಅಂದಿನಿಂದ ನಾವು ಹೊರಡುವ ತನಕ ಕಲ್ಲವ್ವ ಎದ್ದ ಕೂಡಲೆ ಆ ಸೀರೆ ಉಟ್ಟು ಹಾಲು ಹಿಂಡುವಳು, ಆಮೇಲೆ ಜಳಕ, ಆಮೇಲೆ ಪೂಜೆ. ಹೊರಡುವ ದಿನ ಗ್ಯಾಸು ಬಂದ್ ಮಾಡುವುದು, ಪಂಪಿನ ಸ್ವಿಚ್ಚು, ಬೀಗದ ಕೈ ಎಲ್ಲ ಅವಳಿಗೆ ತೋರಿಸಿದೆ. ಅವಳು ಕೇಳಿದ್ದು ಒಂದೇ, ಈ ಸೀರೆ ಹರಿದರೆ ಏನು ಮಾಡಲಿ ಎಂದು. ಹರಿದರೆ ತುಂಡನ್ನೇ ಹೆಗಲಿಗೆ ಹಾಕಿಕೋ ಎಂದೆ.

ಜರ್ಮನಿಯ ಬಗ್ಗೆ ಏನು ಹೇಳಲಿ, ಛಲೋ ಊರು. ಸವಿತಾ ದಿನಾ ಖುಷಿಯಿಂದ ಹೋಗಿ ಖುಷಿಯಿಂದ ಬರುತ್ತಿದ್ದಳು, ಕೂಸು ದುಂಡಗಾಯಿತು. ಹಾಲು ಕಾಗದದ ಪೆಟ್ಟಿಗೆಯಲ್ಲಿ ಬರುತ್ತಿತ್ತು, ಅದಕ್ಕೆ ಯಾವ ವಾಸನೆಯೂ ಇರುತ್ತಿರಲಿಲ್ಲ. ಶಿವು ಊರಿಗೆ ತಿರುಗಿದ ಮೇಲೆ ಫೋನಿನಲ್ಲಿ ಕೊಟ್ಟಿಗೆ ತೋರಿಸುತ್ತಿದ್ದ. ನಾನು ಚಂದ್ರೀ ಎಂದು ಕೂಗಿದರೆ ಅವಳ ಕಿವಿ ಅಲುಗುತ್ತಿತ್ತು. ನೊಣಕ್ಕೆ ಅಲುಗಿದ್ದು ಎಂದು ಕಲ್ಲವ್ವ ಹಿಂದಿನಿಂದ ಹೇಳುತ್ತಿದ್ದಳು.

ತಿರುಗಿ ಬಂದ ಮರುದಿನ ಮುಂಜಾನೆ ನಾನು ಆಸೆಯಿಂದ ಚರಿಗೆ ಹಿಡಿದು ಕೂತೆ. ಚಂದ್ರಿ ಮೂಸಿದಳು. ಅಲ್ಲಿಯ ಸಾಬಾಣ, ಅಲ್ಲಿಯ ಎಣ್ಣೆ. ಒದ್ದ ಒದೆಗೆ ಚರಿಗೆ ಅದೇ ಬೇವಿನ ಬುಡಕ್ಕೆ ಹೋಗಿ ಬಿತ್ತು, ನಾನು ಅದೇ ಸಗಣಿಯಲ್ಲಿ ಕೂತೆ. ಕಲ್ಲವ್ವ ಓಡಿ ಬಂದು ಕೈ ಹಿಡಿದು ಎಬ್ಬಿಸಿದಳು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ನಡೀರಿ ವೈನಿ, ಜಳಕಾ ಮಾಡ್ರಿ" ಎಂದಳು.

ಇನ್ನು ಎಮ್ಮೆ ಹಿಂಡುವವರು ಯಾರು? ಕಲ್ಲವ್ವ ಹೆಬ್ಬಳ್ಳಿಗೆ ಹೋಗಲಿಲ್ಲ. ಎಮ್ಮೆಯ ಸಲುವಾಗಿ ಉಳಿದೆ ಎಂದು ಮೈದುನನಿಗೆ ಹೇಳಿ ಕಳಿಸಿದಳು. ಚಂದ್ರಿ ಮುಂದೆ ಕರುಗಳನ್ನು ಹಾಕಿದಳು, ಅವು ಬದುಕಿದವು, ಈಗ ಅವಳಿಗೆ ಅಂಥ ಹಟ ಇಲ್ಲ, ನನ್ನ ಕೈಗೂ ಬರುತ್ತಾಳೆ. ಆದರೂ ಕಲ್ಲವ್ವ ಹೋಗಲಿಲ್ಲ, ಹೋಗು ಎಂದು ಯಾರೂ ಅನ್ನಲಿಲ್ಲ. ಸೀರೆ ಹರಿದು ತುಂಡಾಯಿತು. ಆ ತುಂಡನ್ನು ಹೆಗಲಿಗೆ ಹಾಕಿಕೊಂಡೇ ಅವಳು ಹಿಂಡುತ್ತಾಳೆ. ಮೊಮ್ಮಗಳಿಗೆ ಒಂದು ತಿಂಗಳಿಂದ ಗುಟ್ಟಾಗಿ ಕಲಿಸುತ್ತಿದ್ದವಳೂ ಅವಳೇ. ನನಗೆ ಕಲಿಸಿದ ಹಾಗೆ.

ಇವತ್ತು ಸಂಜೆ ಆ ಹಾಲಿಗೆ ಶಾವಿಗೆ ಹಾಕಿ ಪಾಯಸ ಮಾಡಿದೆ. ಶಿವು ಪಾಳಿ ಮುಗಿಸಿ ಬಂದ, ಸವಿತಾ ರೊಟ್ಟಿ, ಬದನೆಕಾಯಿ ಪಲ್ಲೆ, ಮೊಸರು ತಂದಿಟ್ಟಳು. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತೆವು. ಸಾನ್ವಿ ಮಾತ್ರ ಇನ್ನೂ ಆ ಸೀರೆಯ ತುಂಡನ್ನು ಬಿಟ್ಟಿರಲಿಲ್ಲ. ಸಂಜೆಯೂ ಕೊಟ್ಟಿಗೆಗೆ ಹೋಗಿ ಬಂದು, ಅದನ್ನು ಸುತ್ತಿಕೊಂಡೇ ಒಳಗೆ ಬಂದಳು, ಬಂದವಳು ನೇರ ಕಲ್ಲವ್ವನ ಮಗ್ಗುಲಿಗೆ ಹೋಗಿ ನಿಂತಳು. ಮನೆ ತುಂಬ ಕೊಟ್ಟಿಗೆ ವಾಸನೆ. ಸವಿತಾ ಗಾಬರಿಯಾಗಿ, ಅದನ್ನು ತೆಗೆದಿಟ್ಟು ಜಳಕ ಮಾಡಿ ಬಾ ಎಂದು ಕಳಿಸಹೋದಳು.

"ಇರಲಿ ಬಿಡವಾ" ಎಂದಳು ಕಲ್ಲವ್ವ.

ತನ್ನ ತಾಟು ಸರಿಸಿ ಜಾಗ ಮಾಡಿದಳು. ಹುಡುಗಿಯನ್ನು ತನ್ನ ತೊಡೆಗೆ ತೊಡೆ ತಾಗುವ ಹಾಗೆ ಕೂಡಿಸಿಕೊಂಡು, ಪಾಯಸದ ಸೌಟು ನನ್ನ ಕೈಯಿಂದ ತೆಗೆದುಕೊಂಡಳು. ಹಿಂಡಿದವಳ ತಾಟಿಗೆ ಮೊದಲು ನೀಡಿದಳು. ಆಮೇಲೆ ನಾವೆಲ್ಲ ಕೈ ಹಚ್ಚಿದೆವು.